ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಒಸಡುಗಳು

ಮೂವತ್ತನಾಲ್ಕು ವರ್ಷ ನಾನು ಜನರಿಗೆ ಹಲ್ಲು ಮಾಡಿಕೊಟ್ಟೆ. ಆದರೆ ಹಲ್ಲಿಗಿಂತ ಹೆಚ್ಚು ನನ್ನನ್ನು ಕಾಡಿದ್ದು ಒಸಡು. ಹಲ್ಲು ಅಂಗಡಿಯಲ್ಲಿ ಸಿಗುತ್ತದೆ. ಬಿಳಿ, ಹಳದಿ ಬಿಳಿ, ಬೂದು ಬಿಳಿ ಎಂದು ನಂಬರು ಹಾಕಿ ಸಾಲುಸಾಲಾಗಿ ಬರುತ್ತದೆ. ಒಸಡನ್ನು ಮಾತ್ರ ನಾವೇ ಮಾಡಬೇಕು.

ನಾನು ಹಲ್ಲಿನ ಡಾಕ್ಟರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಬಂಟ್ವಾಳ ಪೇಟೆಯಲ್ಲಿ ಇವತ್ತಿಗೂ ಕೆಲವರು ನನ್ನನ್ನು ಡಾಕ್ಟ್ರೇ ಎಂದು ಕರೆದು ಬಾಯಿ ತೆರೆದು ತೋರಿಸುತ್ತಾರೆ. ಡಾಕ್ಟರು ಬಾಯಿಯ ಅಚ್ಚು ತೆಗೆದು ಹಿಂದಿನ ಕೋಣೆಗೆ ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಜೋಡಿಸಿ, ಆಮೇಲೆ ಮೇಣವನ್ನು ಕರಗಿಸಿ ಆ ಜಾಗಕ್ಕೆ ಗುಲಾಬಿ ಬಣ್ಣದ ಪುಡಿಯ ಹಿಟ್ಟು ತುಂಬಿ ಕುದಿಸಿ ಗಟ್ಟಿ ಮಾಡುವವನು ತಂತ್ರಜ್ಞ. ನಮ್ಮದು ಚಿನ್ನದ ಕೆಲಸದ ಆಚಾರ್ರ ಮನೆತನ. ಮೇಣ ಕರಗಿಸಿ ಎರಕ ಹೊಯ್ಯುವುದು ನನಗೆ ಹೊಸತಾಗಿರಲಿಲ್ಲ. ಹೊಸತಾಗಿದ್ದದ್ದು ಒಂದೇ. ಬಳೆ ಮಾಡುವಾಗ ತೊಡುವವರ ಕೈ ನೋಡಬಹುದು, ಇಲ್ಲಿ ಬಾಯಿ ನೋಡುವ ಹಾಗಿರಲಿಲ್ಲ.

ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡ ದೊಡ್ಡ ಡಾಕ್ಟ್ರು ಈ ವಿಷಯದಲ್ಲಿ ಬಹಳ ಬಿಗಿ. "ನೀನು ಅಚ್ಚು ನೋಡು. ಬಾಯಿ ನೋಡ್ಲಿಕ್ಕೆ ನಾನಿದ್ದೇನೆ" ಎನ್ನುತ್ತಿದ್ದರು. ಅಚ್ಚಿಗೆ ಬಣ್ಣವಿಲ್ಲ. ಪ್ಲಾಸ್ಟರಿನಲ್ಲಿ ಎಲ್ಲರ ಒಸಡೂ ಬೆಳ್ಳಗೆ. ಅಚ್ಚಿನ ಜೊತೆ ಬರುವ ಚೀಟಿಯಲ್ಲಿ ಹಲ್ಲಿನ ನಂಬರು ಇರುತ್ತಿತ್ತು, ಒಸಡಿನ ಎದುರು ಯಾವಾಗಲೂ ಒಂದೇ ಶಬ್ದ, ಗುಲಾಬಿ. ಬೇರೆ ಬರೆದರೂ ಉಪಯೋಗವಿರಲಿಲ್ಲ, ಕಪಾಟಿನಲ್ಲಿ ಇದ್ದದ್ದು ಒಂದೇ ಡಬ್ಬಿ. ಆ ಗುಲಾಬಿ ಯಾವ ದೇಶದವರ ಒಸಡನ್ನು ನೋಡಿ ಮಾಡಿದ್ದೋ, ನಮ್ಮ ತಾಲೂಕಿನವರದ್ದಂತೂ ಅಲ್ಲ.

ಇದು ನನಗೆ ಗೊತ್ತಾದದ್ದು ಮೂಡುಬಿದಿರೆಯ ಪದ್ಮರಾಜ ಮಾಸ್ಟ್ರಿಂದ. ಅವರು ನಿವೃತ್ತ ಶಾಲಾ ಮಾಸ್ಟ್ರು. ಮೇಲಿನ ಎದುರಿನ ಹಲ್ಲುಗಳಿಗೆ ಸೆಟ್ಟು ಮಾಡಿಸಿಕೊಂಡು ಹೋಗಿ ಹದಿನೈದು ದಿನಕ್ಕೆ ಹಿಂದೆ ಬಂದರು. ಸೆಟ್ಟು ಬಾಯಲ್ಲಿರಲಿಲ್ಲ, ಅಂಗಿಯ ಕಿಸೆಯಲ್ಲಿತ್ತು. ಡಾಕ್ಟ್ರು ಊಟಕ್ಕೆ ಹೋಗಿದ್ದ ಹೊತ್ತು. ಅವರು ಸೀದಾ ಹಿಂದಿನ ಕೋಣೆಗೆ ಬಂದು ಅದನ್ನು ನನ್ನ ಮೇಜಿನ ಮೇಲಿಟ್ಟರು.

"ಚುಚ್ತದಾ ಮಾಸ್ಟ್ರೇ?" ಎಂದೆ.

"ಚುಚ್ಚುದಿಲ್ಲ. ಹೊಂದ್ತದೆ, ಅಗಿಲಿಕ್ಕೂ ಆಗ್ತದೆ. ಆದ್ರೆ ನಾನು ನಕ್ಕರೆ ಎದುರಿದ್ದವರು ಮಾತು ನಿಲ್ಲಿಸಿ ನನ್ನ ಬಾಯಿ ನೋಡ್ತಾರೆ. ನೀವೇ ನೋಡಿ."

ಸೆಟ್ಟು ಹಾಕಿಕೊಂಡು ನಕ್ಕರು. ಅವರ ಸ್ವಂತ ಒಸಡು ಕಂದು, ಹಲ್ಲಿನ ಬುಡದಲ್ಲಿ ನೇರಳೆ ಹಣ್ಣು ತಿಂದಂಥ ಛಾಯೆ. ನಡುವೆ ನನ್ನ ಗುಲಾಬಿ ಪಟ್ಟಿ ಹಳೆಯ ಅಂಗಿಗೆ ಹಾಕಿದ ಹೊಸ ತೇಪೆಯ ಹಾಗೆ ಎದ್ದು ಕಾಣುತ್ತಿತ್ತು. ನಾನು ಆರು ವರ್ಷಗಳಿಂದ ಊರಿಡೀ ತೇಪೆ ಹಾಕುತ್ತಿದ್ದೆ ಎಂದು ಆಗ ತಿಳಿಯಿತು. ಉಳಿದವರು ನಗುವುದನ್ನು ಕಡಿಮೆ ಮಾಡಿದ್ದರೋ ಏನೋ, ದೂರು ಹೇಳಿದವರು ಇವರೊಬ್ಬರೇ.

ಇದನ್ನು ಸರಿಪಡಿಸಲು ಹೋಗಿ ನಾನು ಮಾಡಿದ ಮೊದಲ ಪೆದ್ದುತನವನ್ನೂ ಹೇಳಬೇಕು. ಗುಲಾಬಿ ಹಿಟ್ಟಿಗೆ ಒಂದು ಚಿಟಿಕೆ ಕಾವಿ ಬೆರೆಸಿದೆ. ನೆಲಕ್ಕೆ, ಗೋಡೆಗೆ ಬಳಿಯುವ ಕಾವಿಯೇ. ಬಣ್ಣವೇನೋ ಲಾಯ್ಕ ಬಂತು. ಹೆಮ್ಮೆಯಿಂದ ಡಾಕ್ಟ್ರಿಗೆ ತೋರಿಸಿದೆ. ಅವರು ಮೂಸಿ ನೋಡಿ, "ಇದರಲ್ಲಿ ಎಂಥ ಹಾಕಿದ್ದಿ?" ಎಂದರು. ಹೇಳಿದೆ. ಸೆಟ್ಟನ್ನು ಕಸದ ಬುಟ್ಟಿಗೆ ಹಾಕಿ, "ನಾಳೆ ಸುಣ್ಣವನ್ನೂ ಹಾಕು, ಮಾಸ್ಟ್ರ ಬಾಯಲ್ಲಿ ಒಂದು ಮನೆ ಕಟ್ಟುವ" ಎಂದು ಹೊರಗೆ ಹೋದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಮಂಗಳೂರಿನಿಂದ ಬಾಯಿಗೆ ಹಾಕಬಹುದಾದ ಕಂದು, ನೇರಳೆ, ಗಾಢ ಕೆಂಪು ಪುಡಿಗಳ ಮೂರು ಸಣ್ಣ ಬಾಟಲಿ ತರಿಸಿ ಮೇಜಿನ ಮೇಲೆ ಇಟ್ಟರು. ಬಣ್ಣ ನೋಡಬೇಕಾದ ದಿನ ಕಿಟಕಿಯ ಹತ್ತಿರ ಎರಡು ನಿಮಿಷ ಬಾಯಿ ನೋಡಲು ಕರೆಯತೊಡಗಿದರು. ಆ ಕಾಲದ ಡಾಕ್ಟರು ತಪ್ಪು ಒಪ್ಪಿಕೊಳ್ಳುತ್ತಿದ್ದದ್ದು ಹೀಗೆ.

ಪದ್ಮರಾಜ ಮಾಸ್ಟ್ರಿಗೆ ಹೊಸ ಸೆಟ್ಟು ಮಾಡುವಾಗ ಅದೇ ಹಿಟ್ಟಿನಲ್ಲಿ ಹೆಬ್ಬೆರಳ ಉಗುರಿನಷ್ಟು ಒಂದು ಬಿಲ್ಲೆಯನ್ನೂ ಮಾಡಿದೆ. ಹಿಂಭಾಗದಲ್ಲಿ ಸೂಜಿಯಿಂದ ಅವರ ಹೆಸರು ಕೆತ್ತಿ, ಖಾಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟೆ. ಮುಂದೆ ಸೆಟ್ಟು ಮುರಿದು ಬಂದರೆ ಬಣ್ಣ ಹುಡುಕುತ್ತಾ ಕೂರಬಾರದು ಎಂಬ ಚಿನ್ನದ ಕೆಲಸದವರ ಬುದ್ಧಿ. ಆಮೇಲೆ ಬಣ್ಣ ಬೆರೆಸಿದ ಪ್ರತಿ ಸೆಟ್ಟಿಗೂ ಹಾಗೆಯೇ ಮಾಡಿದೆ. ಡಬ್ಬಿ ಒಂದಿದ್ದದ್ದು ನಾಲ್ಕಾಯಿತು.

ಗುರುವಾರ ಗುರುವಾರ ನಾನು ಬೆಳ್ತಂಗಡಿಯ ಇನ್ನೊಂದು ಕ್ಲಿನಿಕ್ಕಿಗೂ ಹೋಗುತ್ತಿದ್ದೆ. ಅಲ್ಲಿಗೆ ಉಜಿರೆಯ ಹಾಸ್ಟೆಲುಗಳ ಮಕ್ಕಳು ಹಲ್ಲಿಗೆ ತಂತಿ ಹಾಕಿಸಲು ಬರುತ್ತಿದ್ದರು, ಸುತ್ತಲಿನ ಹಳ್ಳಿಗಳ ಹಿರಿಯರು ಹಲ್ಲು ಕೀಳಿಸಲು ಬರುತ್ತಿದ್ದರು. ಒಂದೇ ಬೆಂಚಿನ ಮೇಲೆ ಅಜ್ಜಿಯೂ ಮೊಮ್ಮಗಳೂ ಕೂತಿದ್ದರೆ ನನಗೆ ಪಾಠ. ಎಳೆಯರ ಒಸಡು ಬಿಗಿ, ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಚುಕ್ಕಿ. ವಯಸ್ಸಾದಂತೆ ಹಲವರಲ್ಲಿ ಆ ಚುಕ್ಕಿ ಮಾಯವಾಗಿ ಒಸಡು ನುಣುಪಾಗುತ್ತದೆ, ಹಲ್ಲಿನಿಂದ ಮೇಲೆ ಸರಿಯುತ್ತದೆ. ನಮ್ಮ ಕಡೆಯವರಲ್ಲಿ ಹುಟ್ಟಿನಿಂದ ಬಂದ ಕಂದು ವರ್ಷ ಹೋದ ಹಾಗೆ ದಟ್ಟವಾಗುವುದು ಸಾಮಾನ್ಯ. ಬೀಡಿ ಸೇದುವವರಲ್ಲಿ ಬೇಗ. ಎಲೆ ಅಡಿಕೆ ಹಾಕುವವರದ್ದು ಬೇರೆಯೇ ಒಂದು ಬಣ್ಣ. ಹತ್ತು ವರ್ಷದ ಮೇಲೆ ಹೊಸ ಸೆಟ್ಟಿಗೆ ಬಂದವರ ಬಾಯಿಯ ಪಕ್ಕ ಹಳೆಯ ಬಿಲ್ಲೆ ಹಿಡಿದರೆ, ಬಾಯಿಯೇ ಒಂದು ಗೆರೆ ಗಾಢ. ಹತ್ತಾರು ಸಲ ಹೀಗೆ ನೋಡಿ ನಾನೊಂದು ನಿಯಮ ಮಾಡಿಕೊಂಡೆ. ಒಸಡು ಕಪ್ಪಾಗುತ್ತಾ ಹೋಗುತ್ತದೆ, ಹಿಂದೆ ಬರುವುದಿಲ್ಲ. ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಸ್ವಂತ ಕಣ್ಣಿನದ್ದು. ಅದಕ್ಕೇ ಅದರ ಮೇಲೆ ನನಗೆ ಅಷ್ಟು ನಂಬಿಕೆ.

ದೊಡ್ಡ ಡಾಕ್ಟ್ರು ನಿವೃತ್ತರಾದ ಮೇಲೆ ಕ್ಲಿನಿಕ್ಕನ್ನು ಶ್ರುತಿ ಡಾಕ್ಟ್ರು ವಹಿಸಿಕೊಂಡರು. ನನ್ನ ಮಗಳಿಗಿಂತ ಚಿಕ್ಕವರು. ಅಚ್ಚಿನ ಬದಲು ಬಾಯಿಯೊಳಗೆ ಕ್ಯಾಮರಾ ಆಡಿಸುವುದು, ಫೋನಿನಲ್ಲಿ ಬಣ್ಣ ಕಳಿಸುವುದು ಅವರ ಕಾಲದಲ್ಲಿ ಬಂತು. ಫೋನಿನ ಬಣ್ಣವನ್ನು ನಾನು ಕೊನೆಯವರೆಗೂ ನಂಬಲಿಲ್ಲ. ಮಿಜಾರಿನ ಕಾಲೇಜಿನ ಹುಡುಗಿಯೊಬ್ಬಳು ತನ್ನದೇ ಫೋಟೋ ತೋರಿಸಿ ಒಸಡು ಹೀಗೆ ಗುಲಾಬಿ ಆಗಬೇಕು ಎಂದು ಕೂತಳು. ಫೋಟೋದ ಒಸಡಿಗೆ ಆ ಬಣ್ಣ ಹಚ್ಚಿದ್ದು ಫೋನು. ಶ್ರುತಿ ಡಾಕ್ಟ್ರು ಕನ್ನಡಿ ಕೊಟ್ಟು, "ಇದು ಕಾಯಿಲೆ ಅಲ್ಲಮ್ಮ, ನಿನ್ನ ಬಣ್ಣ. ಸುಮ್ಮನೆ ಕೆರೆಸ್ಬೇಡ" ಎಂದು ಕಳಿಸಿದರು. ಹಿರಿಯರು ಅವರವರ ಕಂದು ಬೇಕೆಂದು ಬರುತ್ತಿದ್ದ ಕೋಣೆಗೆ ಕಿರಿಯರು ಡಬ್ಬಿಯ ಗುಲಾಬಿ ಕೇಳಿಕೊಂಡು ಬರತೊಡಗಿದ್ದರು. ನನಗೆ ನಗು ಬಂತು.

ಈಗ ಐಸಮ್ಮನವರ ವಿಷಯ. ಈ ಕೆಲಸಕ್ಕೆ ಬರುವ ಹೊಸಬರು ಬೇರೆ ಏನನ್ನು ಮರೆತರೂ ಇದೊಂದನ್ನು ನೆನಪಿಡಬೇಕೆಂದು ನನ್ನ ಆಸೆ.

ಐಸಮ್ಮ ಪಾಣೆಮಂಗಳೂರಿನವರು, ಬಟ್ಟೆ ವ್ಯಾಪಾರದ ಬ್ಯಾರಿ ಮನೆತನ. ನನಗಿಂತ ಹತ್ತು ವರ್ಷ ದೊಡ್ಡವರು. ಪೇಟೆಯಲ್ಲಿ ಎಲ್ಲರೂ ಕರೆಯುವಂತೆ ನಾನೂ ಉಮ್ಮ ಎನ್ನುತ್ತಿದ್ದೆ. ದೊಡ್ಡ ಡಾಕ್ಟ್ರ ಕಾಲದಲ್ಲಿ, ಮಗಳ ಮದುವೆಯ ಮೊದಲು, ಎದುರಿನ ಆರು ಹಲ್ಲಿಗೆ ಸೆಟ್ಟು ಮಾಡಿಸಿದ್ದರು. ಬಾಯಿ ತುಂಬಾ ನಗುವ ಹೆಂಗಸು, ನಕ್ಕರೆ ಹಲ್ಲಿನ ಮೇಲಿನ ಒಸಡೂ ಕಾಣುತ್ತದೆ. ಹಾಗಾಗಿ ಬಣ್ಣಕ್ಕೆ ಬಹಳ ಕಷ್ಟಪಟ್ಟಿದ್ದೆ. ಕಂದು, ಅದರಡಿಯಲ್ಲಿ ಒಳ್ಳೆಯ ಕೆಂಪು. ಮೂರು ಬಿಲ್ಲೆ ಹಾಳಾಗಿ ನಾಲ್ಕನೆಯದು ಸರಿಬಂತು. ಕನ್ನಡಿ ನೋಡಿ, "ನಂದು ಯಾವುದು, ಆಚಾರ್ರದ್ದು ಯಾವುದು, ಗೊತ್ತೇ ಆಗುದಿಲ್ಲ" ಎಂದಿದ್ದರು. ಅಂಥ ಮಾತು ನನಗೆ ಹೆಚ್ಚು ಸಿಕ್ಕಿಲ್ಲ.

ಹನ್ನೊಂದು ವರ್ಷದ ಮೇಲೆ ಒಂದು ಗುರುವಾರ, ಶ್ರುತಿ ಡಾಕ್ಟ್ರು ಇಲ್ಲದ ದಿನ, ಬೆಳ್ತಂಗಡಿಗೆ ಹೊರಡಲು ಚೀಲ ಹಿಡಿದು ನಿಂತಿದ್ದ ನನ್ನ ಹತ್ತಿರ ಬಂದರು. ಸ್ಟೀಲಿನ ಸಣ್ಣ ಕರಡಿಗೆಯಲ್ಲಿ ನೀರು, ನೀರಿನಲ್ಲಿ ಸೆಟ್ಟು.

"ಆಚಾರ್ರೇ, ಇದು ಕಪ್ಪಾಗಿದೆ. ಮೊದಲು ಗೊತ್ತಾಗ್ತಿರಲಿಲ್ಲ, ಈಗ ಬೇರೆಯೇ ಕಾಣ್ತದೆ."

"ಎಲೆ ಅಡಿಕೆ ಉಂಟಲ್ಲ ಉಮ್ಮ?"

"ಊಟ ಆದ ಮೇಲೆ ಒಂದು. ಅದು ಮೊದಲಿಂದಲೂ ಉಂಟು."

"ಹಾಗಾದ್ರೆ ಅದೇ" ಎಂದೆ. ಉಜ್ಜಿ, ಪಾಲಿಶ್ ಮಾಡಿ ಕೊಟ್ಟೆ. ಅವರು ಗೋಡೆಯ ಕಡೆ ತಿರುಗಿ, ಶಾಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಸೆಟ್ಟು ಹಾಕಿಕೊಂಡರು. ನಮ್ಮಲ್ಲಿ ಹೆಂಗಸರು ಹಾಗೆಯೇ. ಡಾಕ್ಟ್ರ ಕುರ್ಚಿಯಲ್ಲಾದರೆ ಬಾಯಿ ತೆರೆಯುತ್ತಾರೆ, ಅದರಿಂದ ಇಳಿದ ಮೇಲೆ ಹಲ್ಲಿಲ್ಲದ ಬಾಯಿಯನ್ನು ಪರಪುರುಷರಿಗೆ ತೋರಿಸುವುದಿಲ್ಲ. ನಾನೂ ಮರ್ಯಾದೆಗೆ ಕಿಟಕಿಯ ಹೊರಗೆ ನೋಡಿದೆ. ಎಷ್ಟೋ ವರ್ಷ ಬಾಯಿ ನೋಡದೆ ಕೆಲಸ ಮಾಡಿದವನಿಗೆ ಅದು ಕಷ್ಟವೂ ಅಲ್ಲ.

ನಾಲ್ಕು ತಿಂಗಳಾದ ಮೇಲೆ ಮತ್ತೆ ಬಂದರು. ಇನ್ನೂ ಕಪ್ಪಂತೆ. ಮೆಟ್ಟಿಲು ಹತ್ತಿ ಬಂದವರು ಬೆಂಚಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. "ಪ್ರಾಯ ಆಯ್ತಲ್ಲ ಆಚಾರ್ರೇ, ಕಾಲೂ ಬರುದಿಲ್ಲ, ಉಸಿರೂ ಬರುದಿಲ್ಲ" ಎಂದರು. ಹೌದೆಂದೆ. ಬಣ್ಣ ಒಳಗಿನವರೆಗೆ ಇಳಿದಿರಬೇಕು ಎಂದು ತೀರ್ಮಾನಿಸಿ, ತುಟಿಯ ಕಡೆಯ ಒಸಡಿನ ಪಟ್ಟಿಯನ್ನು ಗರಗಸದಿಂದ ಕತ್ತರಿಸಿ ತೆಗೆದು, ಬಾಯಿ ನೋಡದೆ, ಮುಂದೆ ಮತ್ತೆ ಕಪ್ಪಾದೀತೆಂದು ಎರಡು ಪಾಲು ತಿಳಿಯಾದ ಹಿಟ್ಟು ತುಂಬಿದೆ. ಮರುದಿನ ಸೊಸೆ ನಸೀಮಾ ಬಂದು ತೆಗೆದುಕೊಂಡು ಹೋದರು. ಸಂಜೆ ಫೋನು ಮಾಡಿ, "ಅತ್ತೆಗೆ ಖುಷಿಯಾಗಿದೆ, ಈಗ ಸರಿ ಹೊಂದ್ತದಂತೆ" ಎಂದರು. ನನಗೂ ಖುಷಿಯಾಯಿತು.

ಹೊಸ ಬಣ್ಣಕ್ಕೆ ಹೊಸ ಬಿಲ್ಲೆ ಮಾಡಿದ್ದೆ. ಮಾರನೆಯ ಬೆಳಿಗ್ಗೆ ಅದನ್ನು ಡಬ್ಬಿಗೆ ಹಾಕಿ ಹಳೆಯದನ್ನು ಬಿಸಾಡೋಣ ಎಂದು ಹುಡುಕಿ ತೆಗೆದೆ. ಮೇಜಿನ ಮೇಲೆ ಕತ್ತರಿಸಿದ ಪಟ್ಟಿ ಬಿದ್ದಿತ್ತು. ಕೈಗೆ ಸಿಕ್ಕಿತೆಂದು ಎರಡನ್ನೂ ಪಕ್ಕಪಕ್ಕ ಇಟ್ಟೆ. ನೀರಿನಲ್ಲಿ ಅದ್ದಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದೆ. ಎರಡೂ ಒಂದೇ ಬಣ್ಣ.

ಸೆಟ್ಟು ಹನ್ನೊಂದು ವರ್ಷದಲ್ಲಿ ಒಂದು ಕೂದಲಷ್ಟೂ ಕಪ್ಪಾಗಿರಲಿಲ್ಲ. ಹಾಗಾದರೆ ಬಣ್ಣ ಬದಲಿಸಿದ್ದು ಬಾಯಿ. ಅದೂ ನನ್ನ ನಿಯಮಕ್ಕೆ ವಿರುದ್ಧ ದಿಕ್ಕಿನಲ್ಲಿ. ಬಾಯಿ ಬಿಳಿಚಿತ್ತು, ನಾನು ಸೆಟ್ಟನ್ನೂ ಅದಕ್ಕೆ ಸರಿಯಾಗಿ ಬಿಳಿಚಿಸಿ ಕೊಟ್ಟಿದ್ದೆ. ಬಾಯಿ ಬದಲಾಗಿದೆ ಎಂದು ತಿಳಿಯಲು ಅವರಿಗೆ ಇದ್ದ ಒಂದೇ ಒಂದು ಗುರುತನ್ನು ಅಳಿಸಿ, ಹೊಂದುತ್ತದೆ ಎಂದು ಸಂತೋಷಪಟ್ಟಿದ್ದೆ.

ಆ ಕ್ಷಣ ಪದ್ಮರಾಜ ಮಾಸ್ಟ್ರು ನೆನಪಾದರು. ಮೂರು ವರ್ಷ ಹಿಂದೆ ಅವರೂ ಇದೇ ಮಾತು ಹೇಳಿದ್ದರು, ಸೆಟ್ಟು ಕಪ್ಪಾಗಿದೆ ಎಂದು. ಪಾಲಿಶ್ ಮಾಡಿ ಕೊಟ್ಟಿದ್ದೆ. ವರ್ಷ ತುಂಬುವ ಮೊದಲು ತೀರಿಕೊಂಡರು. ನಾನು ಹೋಗಿದ್ದಾಗ ಮನೆಯವರು, ಸೊರಗಿದ್ದರು, ಕೊನೆಗೆ ಬಿಳಿಚಿಕೊಂಡಿದ್ದರು, ಪ್ರಾಯವೂ ಆಗಿತ್ತಲ್ಲ ಎಂದಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಉಂಟೋ ಇಲ್ಲವೋ, ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ದಾರಿಯೂ ಇಲ್ಲ. ಅವರ ಬಿಲ್ಲೆ ಡಬ್ಬಿಯಲ್ಲೇ ಇತ್ತು, ಅವತ್ತು ನಾನು ಅದನ್ನು ತೆಗೆದು ನೋಡಿರಲಿಲ್ಲ ಎಂಬುದು ಮಾತ್ರ ಗೊತ್ತು.

ಶ್ರುತಿ ಡಾಕ್ಟ್ರಿಗೆ ಎರಡೂ ತುಂಡು ತೋರಿಸಿ ವಿಷಯ ಹೇಳಿದೆ. ಅವರು ಒಂದು ನಿಮಿಷ ನೋಡಿದರು. "ಆಚಾರ್ರೇ, ಇದು ರಕ್ತ ಕಡಿಮೆ ಆಗಿರುದು ಇರ್ಬಹುದು. ಇವತ್ತೇ ರಕ್ತ ಪರೀಕ್ಷೆ ಆಗ್ಬೇಕು. ನಾನು ಫೋನು ಮಾಡ್ತೇನೆ." ಫೋನು ಮಾಡಿದರು. ಐಸಮ್ಮ ಬರುವುದಿಲ್ಲ ಎಂದರಂತೆ. ಹಲ್ಲು ಸರಿಯಾಗಿದೆ, ಹಲ್ಲಿನ ವಿಷಯಕ್ಕೆ ರಕ್ತ ಯಾಕೆ ಕೊಡಬೇಕು ಎಂದು ಕೇಳಿದರಂತೆ. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಸರಿ ಮಾಡಿಕೊಟ್ಟವನು ನಾನೇ ಅಲ್ಲವೇ.

ಹಳೆಯ ಬಿಲ್ಲೆಯನ್ನು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡು ಪಾಣೆಮಂಗಳೂರಿಗೆ ಹೋದೆ. ಬಿ.ಸಿ. ರೋಡಿನಲ್ಲಿ ಬಸ್ಸು ಇಳಿದು ಹೊಳೆ ದಾಟುವ ಹಳೆಯ ಸಂಕದ ಮೇಲೆ ನಡೆಯುವಾಗ ಹೇಳಬೇಕಾದ ಮಾತನ್ನು ಎರಡು ಮೂರು ಸಲ ಜೋಡಿಸಿ ಬಿಟ್ಟೆ. ನಾನು ಡಾಕ್ಟರಲ್ಲ. ಒಂದು ಮನೆಗೆ ಹೋಗಿ, ನಿಮ್ಮ ಒಸಡಿನ ಬಣ್ಣ ಸರಿಯಿಲ್ಲ ಎನ್ನುವ ಅಧಿಕಾರ ನನಗೆ ಯಾರೂ ಕೊಟ್ಟಿಲ್ಲ.

ಐಸಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ನೋವಿನ ಎಣ್ಣೆ, ಮಾತ್ರೆಯ ಪಟ್ಟಿ. ನಮ್ಮ ಮಾತು ತುಳುವಿನಲ್ಲಿ ನಡೆಯಿತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆಚಾರ್ರಾ? ಸೆಟ್ಟು ಲಾಯ್ಕ ಉಂಟು ಮಾರಾಯ್ರೇ. ಇನ್ನೆಂಥ ಬಾಕಿ?"

"ಸೆಟ್ಟಿನಲ್ಲಿ ತಪ್ಪಿರಲಿಲ್ಲ ಉಮ್ಮ. ನಾನು ಸುಮ್ಮನೆ ಬದಲಿಸಿದೆ. ಒಂದು ಕನ್ನಡಿ ತರಿಸ್ತೀರಾ?"

ನಸೀಮಾ ಕನ್ನಡಿ ತಂದರು. ನಾನು ಬಿಲ್ಲೆಯನ್ನು ಐಸಮ್ಮನ ಅಂಗೈಯಲ್ಲಿಟ್ಟೆ. ಹಿಂದೆ ಅವರ ಹೆಸರಿತ್ತು. "ಇದು ನಿಮ್ಮ ಮಗಳ ಮದುವೆಯ ವರ್ಷದ ನಿಮ್ಮ ಒಸಡು. ನಾನು ನೋಡುದಿಲ್ಲ, ಆಚೆ ತಿರುಗ್ತೇನೆ. ನೀವೇ ಪಕ್ಕದಲ್ಲಿ ಹಿಡಿದು ನೋಡಿ."

ತಿರುಗಿ ನಿಂತೆ.

"ಇದು ನಾನಾ?" ಎಂದರು.

"ಹೌದು ಉಮ್ಮ. ಆಗ."

"ಕಂದು ಉಂಟು. ಕೆಂಪು ಎಲ್ಲಿಗೆ ಹೋಯ್ತು?"

"ಅದನ್ನೇ ಕೇಳ್ಲಿಕ್ಕೆ ಆಸ್ಪತ್ರೆಗೆ ಹೋಗುವ ಅಂತ ಹೇಳುದು."

ಬಿಲ್ಲೆಯನ್ನು ನಸೀಮಾಗೆ ತೋರಿಸಿದರು. ನಸೀಮಾ ಅತ್ತೆಯ ಬಾಯಿ ನೋಡಿದರು, ಬಿಲ್ಲೆ ನೋಡಿದರು, ಒಳಗೆ ಹೋಗಿ ಬುರ್ಖಾ ಹಾಕಿಕೊಂಡು ಬಂದು ಆಟೋದವರಿಗೆ ಫೋನು ಮಾಡಿದರು.

ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಐದರ ಹತ್ತಿರ ಇತ್ತು. ಗಂಟುನೋವಿಗೆಂದು ಒಂದೂವರೆ ವರ್ಷದಿಂದ ಡಾಕ್ಟ್ರ ಚೀಟಿಯಿಲ್ಲದೆ ತರಿಸಿ ನುಂಗುತ್ತಿದ್ದ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಅಲ್ಲಿಂದ ದಿನವೂ ಸ್ವಲ್ಪ ಸ್ವಲ್ಪ ರಕ್ತ ಹೋಗುತ್ತಿತ್ತಂತೆ. ಯಾರಿಗೂ ಕಾಣದ ಹಾಗೆ. ಆ ರಾತ್ರಿಯೇ ರಕ್ತ ಕೊಟ್ಟರು. ಇನ್ನು ಕೆಲವು ದಿನ ತಡವಾಗಿದ್ದರೆ ಹೃದಯ ತಡೆಯುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟ್ರು ನಸೀಮಾಗೆ ಹೇಳಿದರಂತೆ. ಮೊದಲ ಸಲ ಪಾಲಿಶ್ ಮಾಡಿ ಕಳಿಸಿದ ಆ ನಾಲ್ಕು ತಿಂಗಳನ್ನು ನಾನು ಲೆಕ್ಕ ಹಾಕಿದೆ. ನಸೀಮಾ ನನಗೆ ಥ್ಯಾಂಕ್ಸ್ ಹೇಳಿದಾಗ ಆ ವಿಷಯ ಹೇಳಲಿಲ್ಲ. ಹೇಳಬೇಕಿತ್ತು. ಈಗ ಇಲ್ಲಿ ಬರೆದಿದ್ದೇನೆ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಇಂದು ಅಚ್ಚೂ ಇಲ್ಲ, ಮೇಣವೂ ಇಲ್ಲ. ಪರದೆಯ ಮೇಲೆ ಬಾಯಿ ತಿರುಗುತ್ತದೆ, ಯಂತ್ರ ಸೆಟ್ಟು ಕೊರೆಯುತ್ತದೆ. ಅದು ನನ್ನ ಕೈಗಿಂತ ಚೆನ್ನಾಗಿಯೇ ಕೊರೆಯುತ್ತದೆ, ಅಸೂಯೆಯಿಂದ ಹೇಳುತ್ತಿಲ್ಲ. ಆದರೆ ಯಾರಾದರೂ ಬಂದು ನೀವು ಮಾಡಿದ್ದರ ಬಣ್ಣ ಹೋಗಿದೆ ಎಂದರೆ, ಮಾಡಿದ್ದನ್ನು ಕೈಗೆ ತೆಗೆದುಕೊಳ್ಳುವ ಮೊದಲು ಡಾಕ್ಟ್ರನ್ನು ಕರೆದು ಆ ಬಾಯಿ ನೋಡಿಸಿ. ನಮ್ಮ ಪ್ಲಾಸ್ಟಿಕ್ಕಿಗೆ ವಯಸ್ಸಾಗುವುದು ನಿಧಾನ.

ಐಸಮ್ಮ ಏಳು ತಿಂಗಳ ಮೇಲೆ ಕ್ಲಿನಿಕ್ಕಿಗೆ ಬಂದರು. ನನ್ನ ಕೆಲಸದ ಕೊನೆಯ ವರ್ಷ. ಮೆಟ್ಟಿಲು ಹತ್ತಿದವರು ಬೆಂಚಿನ ಮೇಲೆ ಕೂರಲಿಲ್ಲ. ಸೀದಾ ಹಿಂದಿನ ಕೋಣೆಗೆ ಬಂದು ಸ್ಟೀಲಿನ ಕರಡಿಗೆಯನ್ನು ಮೇಜಿನ ಮೇಲೆ ಕುಟ್ಟಿ ಇಟ್ಟರು.

"ಎಂಥ ಕೆಲಸ ಆಚಾರ್ರೇ ಇದು? ಪೂರ ಬಿಳಿಚಿದೆ. ನಂದು ಯಾವುದು, ನಿಮ್ಮದು ಯಾವುದು ಅಂತ ದೂರದಿಂದಲೇ ಗೊತ್ತಾಗ್ತದೆ."

ನಾನು ಕರಡಿಗೆಯನ್ನು ಮುಟ್ಟಲಿಲ್ಲ. ಶ್ರುತಿ ಡಾಕ್ಟ್ರನ್ನು ಕರೆದೆ. ಕಿಟಕಿಯ ಹತ್ತಿರ ಕುರ್ಚಿ ಹಾಕಿದೆವು. ಐಸಮ್ಮ ಶಾಲು ಸರಿಸಿ ಬಾಯಿ ತೆರೆದರು. ಕಂದಿನ ಅಡಿಯಲ್ಲಿ ಕೆಂಪು ಇತ್ತು. ಅವರೇ ಜೋಪಾನವಾಗಿ ತಂದಿದ್ದ ಹಳೆಯ ಬಿಲ್ಲೆಯನ್ನು ಪಕ್ಕದಲ್ಲಿ ಹಿಡಿದೆ. ಬಿಲ್ಲೆ ಯಾವುದು, ಬಾಯಿ ಯಾವುದು, ನನ್ನ ಕಣ್ಣಿಗೂ ಗೊತ್ತಾಗಲಿಲ್ಲ.

"ತಪ್ಪು ಆಗಿದೆ ಉಮ್ಮ" ಎಂದೆ. "ಮೊದಲಿನ ಹಾಗೆ ಮಾಡಿಕೊಡ್ತೇನೆ."

ನಾನು ಮಾಡಿದ್ದು ಹೊಂದಲಿಲ್ಲ ಎಂದು ನನಗೆ ಸಂತೋಷವಾದದ್ದು ಮೂವತ್ತನಾಲ್ಕು ವರ್ಷಗಳಲ್ಲಿ ಆ ಒಂದು ದಿನ.